ಬೂದೆಮ್ಮನ ಎಡಗೈ

ರಾಯಚೂರಿನ ತೀನ್ ಕಂದೀಲ್ ಕಡೆಯ ಒಂದು ಓಣಿಯಲ್ಲಿ ಮಕ್ಕಳ ಆಸ್ಪತ್ರೆಯೊಂದಿದೆ. ಅಲ್ಲಿ ಡಾಕ್ಟರ ಮೇಜಿನ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಕೂತವಳು ಯಾರೆಂದು ಕೇಳಿದರೆ ಹೊಸಬರು ನರ್ಸು ಅನ್ನುತ್ತಾರೆ, ಹಳಬರು ಬೂದೆಮ್ಮ ಅನ್ನುತ್ತಾರೆ. ರಿಜಿಸ್ಟರಿನಲ್ಲಿ ಮಾತ್ರ ಅವಳು ಇವತ್ತಿಗೂ ಕಸ ಗುಡಿಸುವ ಹೆಂಗಸು. ಹನ್ನೆರಡು ವರ್ಷದಿಂದ ಅವಳು ಪೊರಕೆ ಹಿಡಿದದ್ದಕ್ಕಿಂತ ಮಾತು ಹಿಡಿದದ್ದೇ ಹೆಚ್ಚು. ಆದರೂ ಹುದ್ದೆಯ ಹೆಸರು ಬದಲಾಯಿಸಬೇಕೆಂದು ಯಾರಿಗೂ ಹೊಳೆದಿಲ್ಲ. ಇಂಥವು ಯಾರಿಗೂ ತಾವಾಗಿ ಹೊಳೆಯುವುದಿಲ್ಲ ಬಿಡಿ.

ಅವಳ ಕೆಲಸ ಇಷ್ಟೇ. ಮಾನ್ವಿ, ದೇವದುರ್ಗ, ಗದ್ವಾಲದ ಕಡೆಗಳಿಂದ ಕೂಸು ಎತ್ತಿಕೊಂಡು ಬಂದ ತಾಯಂದಿರು ತಮ್ಮ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಡಾಕ್ಟರಿಗೆ ತಿಳಿಸುವುದು, ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಸುವುದು. ಡಾಕ್ಟರಮ್ಮ ಜೈಪುರದವಳು. ಬಂದು ಮೂರು ವರ್ಷವಾದರೂ ಕನ್ನಡ ‘ಊಟ ಆತಾ’ ಎನ್ನುವಲ್ಲಿಗೇ ನಿಂತಿದೆ. ಕೈಗುಣ ಒಳ್ಳೆಯದು, ತಾಳ್ಮೆ ಕಡಿಮೆ.

ಬೂದೆಮ್ಮ ಓದಿದ್ದು ಎರಡನೇ ಇಯತ್ತೆ. ದೇವದುರ್ಗದ ಕಡೆಯ ಸಣ್ಣ ಹಳ್ಳಿಯ ಕೂಲಿ ಮನೆತನ. ಮದುವೆಯಾದ ಮೇಲೆ ಗಂಡನ ಜೊತೆ ಏಳು ವರ್ಷ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋಗಿ ಬಂದಳು. ತೆಲುಗು ಅಲ್ಲಿ ಹತ್ತಿತು. ರಾಯಚೂರಿಗೆ ಬಂದು ಬಾಡಿಗೆ ಮನೆ ಹಿಡಿದದ್ದು ಮುಸಲ್ಮಾನರ ಓಣಿಯಲ್ಲಿ. ದಖ್ಖನಿ ನಳದ ಮುಂದಿನ ಜಗಳದಲ್ಲಿ ಬಂತು. ಜಗಳದಲ್ಲಿ ಭಾಷೆ ಬೇಗ ಬರುತ್ತದೆ, ಯಾಕೆಂದರೆ ಅಲ್ಲಿ ಅರ್ಥವಾಗದೆ ಇದ್ದರೆ ಕೊಡ ಹಿಂದೆ ಬೀಳುತ್ತದೆ. ಹಿಂದಿಯೂ ತುಸು ಇಂಗ್ಲಿಷೂ ಡಾಕ್ಟರುಗಳ ಬಾಯಿಂದ ಉದುರಿದ್ದು. ಗುಡಿಸುವವಳಲ್ಲವೇ, ಉದುರಿದ್ದನ್ನೆಲ್ಲ ಎತ್ತಿಟ್ಟುಕೊಂಡಳು.

ಎತ್ತಿಟ್ಟುಕೊಂಡು ಸುಮ್ಮನಿರಲಿಲ್ಲ ಎನ್ನುವುದೇ ಅವಳ ವಿಶೇಷ. ಬಾಯಿ ಚಪಲದವರು ಮಿರ್ಚಿ ಭಜಿಯ ಹಿಂದೆ ಬೀಳುವಂತೆ ಇವಳು ಮಾತಿನ ಹಿಂದೆ ಬಿದ್ದಳು. ಪ್ರತಿ ಮಾತಿನಲ್ಲಿಯೂ ಒಂದು ‘ಕೆಲಸದ ಮಾತು’ ಇರುತ್ತದೆ ಎಂದು ಅವಳು ಕಂಡುಕೊಂಡಿದ್ದಳು: ಬಂತು, ಹೋಯಿತು, ಅತ್ತಿತು, ಕಕ್ಕಿತು. ಅದರ ಜೊತೆಗೆ ಯಾವಾಗ, ಹೇಗೆ, ಎಷ್ಟು ಸಲ ಎಂದು ಹೇಳುವ ಮಾತುಗಳು ಇರುತ್ತವೆ. ಅವನ್ನು ಅವಳು ‘ಸಂಗಾತಿ ಮಾತು’ ಅನ್ನುತ್ತಿದ್ದಳು. ಪಂಡಿತರು ಇವಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಇಟ್ಟುಕೊಳ್ಳಲಿ.

ನಮ್ಮ ಕನ್ನಡದಲ್ಲಿ ಸಂಗಾತಿಗಳೆಲ್ಲ ಮುಂದೆ ಮುಂದೆ ಬರುತ್ತವೆ, ಕೆಲಸ ಕಟ್ಟಕಡೆಗೆ ಬರುತ್ತದೆ. ‘ಕೂಸು ನಿನ್ನಿ ಸಂಜಿಮುಂದ ಎರಡು ಸಲ ಕಕ್ಕಿತು.’ ತೆಲುಗಿನಲ್ಲಿಯೂ ಹೀಗೇ, ದಖ್ಖನಿಯಲ್ಲಿಯೂ ಬಹುಮಟ್ಟಿಗೆ ಹೀಗೇ. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮುಂದೆ ಓಡಿಬಿಡುತ್ತದೆ, ಸಂಗಾತಿಗಳು ಏದುಸಿರು ಬಿಡುತ್ತ ಹಿಂದೆ ಬರುತ್ತವೆ: ‘ಚೈಲ್ಡ್ ವಾಮಿಟೆಡ್ ಟ್ವೈಸ್ ಯಸ್ಟರ್ಡೇ ಈವ್ನಿಂಗ್.’

“ಇಂಗ್ಲಿಷಿನ್ಯಾಗ ಮೊದ್ಲು ಕಕ್ಕಿಬಿಡ್ತಾರ, ಆಮ್ಯಾಲ ಎಷ್ಟು ಸಲ, ಯಾವಾಗ ಅಂತ ವಿಚಾರ ಮಾಡ್ತಾರ,” ಎಂದು ಅವಳು ಗೆಳತಿ ಸರ್ವರಿ ಬೇಗಂಗೆ ಹೇಳಿದ್ದುಂಟು. ಸರ್ವರಿ ಬೇಗಂ ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂಡುವವಳು. ನಳದ ಜಗಳದಲ್ಲಿ ಎದುರಾಳಿಯಾಗಿದ್ದವಳು ಇವಳೇ.

ಅಷ್ಟಕ್ಕೇ ಬಿಡುತ್ತಾಳೆಯೇ? ‘ಯಸ್ಟರ್ಡೇ’ ಹಿಂದೆ ಬಂದರೂ ನಡೆಯುತ್ತದೆ, ಎಲ್ಲಕ್ಕಿಂತ ಮುಂದೆ ನಿಂತರೂ ನಡೆಯುತ್ತದೆ. ಆದರೆ ‘ಆಲ್ವೇಸ್’ ಮಾತ್ರ ಕೆಲಸದ ಮಾತಿನ ಮುಂದೆಯೇ ತೂರಿಕೊಂಡು ಕೂಡುತ್ತದೆ: ‘ಬೇಬಿ ಆಲ್ವೇಸ್ ಕ್ರೈಸ್.’ ಅದಕ್ಕೆ ಯಾಕೆ ಅಷ್ಟು ಸಲಿಗೆ ಎಂದು ಡಾಕ್ಟರಮ್ಮನನ್ನು ಒಂದು ದಿನ ಕೇಳಿಯೇ ಬಿಟ್ಟಳು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಓದಿದವಳು ತಲೆ ಕೆರೆದುಕೊಂಡು, ಅದು ಹಾಗೇ ಇರುವುದು ಬೂದೆಮ್ಮ ಎಂದು ಹಿಂದಿಯಲ್ಲಿ ಹೇಳಿದಳು.

“ನಮ್ಮತ್ತಿನೂ ಎಲ್ಲಾದಕ್ಕೂ ಇದನ್ನ ಹೇಳ್ತಿದ್ಲು,” ಎಂದು ಬೂದೆಮ್ಮ ಕನ್ನಡದಲ್ಲಿ ಗೊಣಗಿದಳು.

ಕನ್ನಡದ ಗುಟ್ಟೂ ಒಂದಿತ್ತು. ‘ಕೂಸು ನಿನ್ನಿ ಹಾಲು ಕುಡೀಲಿಲ್ಲ’ ಎಂದರೆ ಒಂದು, ‘ಕೂಸು ಹಾಲು ನಿನ್ನಿ ಕುಡೀಲಿಲ್ಲ’ ಎಂದರೆ ಇನ್ನೊಂದು. ಎರಡನೆಯದನ್ನು ಹೇಳಿದ ತಾಯಿಯ ಕೂಸು ಇವತ್ತು ಕುಡಿದಿರುತ್ತದೆ. ನಿನ್ನೆಯದೇ ಆಕೆಗೆ ಚಿಂತೆ. ಕೆಲಸದ ಮಾತಿನ ಮಗ್ಗುಲಿಗೆ ಯಾರು ಕೂತಿದ್ದಾರೋ ಅವರ ಮೇಲೆಯೇ ಭಾರ. ಹೀಗೆ ಯಾವ ಮಾತು ಎಲ್ಲಿ ಕೂತಿದೆ ಎಂದು ನೋಡಿಯೇ ಬೂದೆಮ್ಮ ಅರ್ಧ ರೋಗ ಹಿಡಿಯುತ್ತಿದ್ದಳು. ಉಳಿದರ್ಧ ಡಾಕ್ಟರಮ್ಮನ ಪಾಲು.

ಇದರಿಂದ ಅವಳಿಗೊಂದು ರೂಢಿ ಬಿದ್ದಿತ್ತು. ತಾಯಿ ಮಾತು ಶುರು ಮಾಡಿದ ಕೂಡಲೇ ಬೂದೆಮ್ಮನ ಎಡಗೈ ಡಾಕ್ಟರಮ್ಮನ ಕಡೆ ಮೇಲೇಳುತ್ತಿತ್ತು, ಅಂಗೈ ಅಡ್ಡ ಮಾಡಿ. ಕೆಲಸದ ಮಾತು ಇನ್ನೂ ಬಂದಿಲ್ಲ, ತಡೆಯಿರಿ ಎಂದು ಅದರರ್ಥ. ಎಷ್ಟೇ ಸಂಗಾತಿಗಳು ಸಾಲುಗಟ್ಟಿ ಬರಲಿ, ಕೆಲಸದ ಮಾತು ಬಂದು ಕೂಡುವ ತನಕ ಆ ಕೈ ಇಳಿಯುತ್ತಿರಲಿಲ್ಲ, ಅವಳ ಬಾಯಿ ತೆರೆಯುತ್ತಿರಲಿಲ್ಲ. ಡಾಕ್ಟರಮ್ಮ ಮೊದಮೊದಲು ಸಿಡಿಮಿಡಿಗೊಂಡು, ಆಮೇಲೆ ಆ ಕೈಯನ್ನೇ ನೋಡುತ್ತ ಕೂಡುವುದನ್ನು ಕಲಿತಳು.

ಇಷ್ಟೆಲ್ಲ ಮಾತಿನ ಹೆಂಗಸಿಗೆ ತನ್ನದೇ ಒಂದು ಮಾತು ಮಾತ್ರ ಮುಗಿಸಲು ಬರುತ್ತಿರಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ, “ಎರಡು ಹೆಣ್ಣದಾವ್ರಿ, ಮದುವಿ ಆಗ್ಯಾವ. ಅವಕ್ಕಿಂತ ಮೊದಲ ಗುಂಟೂರಾಗ ಒಂದು ಗಂಡುಕೂಸು…” ಎಂದು ನಿಲ್ಲಿಸುತ್ತಿದ್ದಳು. ಮುಂದಿನದು ಯಾರಿಗೆ ತಾನೆ ತಿಳಿಯುವುದಿಲ್ಲ. ಕೇಳಿದವರು ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಿದ್ದರು.

ಹೋದ ವರ್ಷ ಭತ್ತದ ನಾಟಿಯ ದಿನಗಳು. ಸೋಮವಾರ. ಹೊರಗೆ ನಲವತ್ತು ಮಂದಿಯ ಸಾಲು, ಒಳಗೆ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಮಾನ್ವಿ ತಾಲೂಕಿನ ಕುರ್ಡಿಯಿಂದ ಇಬ್ಬರು ಹೆಂಗಸರು ಬಂದರು. ನಾಲ್ಕು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡವಳು ತಾಯಿ, ಸೌಭಾಗ್ಯ ಅಂತ, ಇಪ್ಪತ್ತರ ಆಚೀಚೆ ವಯಸ್ಸು. ಜೊತೆಗೆ ಬಂದವಳು ಅವಳ ಅತ್ತೆ ಯಮನಮ್ಮ. ಕೂಸನ್ನು ಮೇಜಿನ ಮೇಲೆ ಮಲಗಿಸಿದರೆ ಡಾಕ್ಟರಮ್ಮನ ಕೊರಳಲ್ಲಿ ತೂಗುವ ಸ್ಟೆತಸ್ಕೋಪು ಹಿಡಿಯಲು ಕೈಯಾಡಿಸಿ ನಕ್ಕಿತು. ಜ್ವರವಿಲ್ಲ, ಎದೆ ಸ್ವಚ್ಛ, ತೂಕ ಸರಿ.

“ಏನಾತವಾ?” ಎಂದಳು ಬೂದೆಮ್ಮ. ಎಡಗೈ ಮೇಲೆದ್ದಿತು.

“ನಿನ್ನಿ ನಸಿಕಿನ್ಯಾಗ್ರಿ,” ಎಂದಳು ಸೌಭಾಗ್ಯ, “ಮಲಿ ಕುಡಿಯೋವಾಗ, ಒಮ್ಮಿಗ್ಲೇ, ಸುಮ್ಕ…”

ಅಷ್ಟರಲ್ಲಿ ಯಮನಮ್ಮ ಸೊಸೆಯ ಮೊಳಕಾಲ ಮೇಲೆ ಕೈಯಿಟ್ಟಳು. ಹುಡುಗಿ ತುಟಿ ಕಚ್ಚಿ ಸುಮ್ಮನಾದಳು.

ಇದು ಆ ಕಡೆಯ ಪದ್ಧತಿ. ಹಾಲುಗಲ್ಲದ ಕೂಸಿನ ಮುಂದೆ ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕೂಸು ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡರೆ ಅದರ ಬೆನ್ನು ಹತ್ತಿ ಹೋಗುತ್ತದೆ ಎಂದು ನಂಬಿಕೆ. ಅದಕ್ಕೆ ಯಾವಾಗ, ಹೇಗೆ, ಏನು ಮಾಡುವಾಗ ಎಂದು ಎಲ್ಲವನ್ನೂ ಹೇಳಿ, ಕಡೆಯ ಒಂದು ಮಾತು ಬಿಟ್ಟುಬಿಡುತ್ತಾರೆ. ಊರಲ್ಲಾದರೆ ನಡೆಯುತ್ತದೆ. ಕೇಳುವವರು ನೆರೆಯವರು, ಕೂಸನ್ನು ಕಣ್ಣಾರೆ ಕಂಡವರು. ಕಡೆಯ ಮಾತನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಜೈಪುರದ ಡಾಕ್ಟರಮ್ಮ ಎಲ್ಲಿಂದ ತುಂಬಿಕೊಳ್ಳಬೇಕು?

“ಕ್ಯಾ ಹುವಾ ಬೂದೆಮ್ಮ?” ಎಂದಳು ಡಾಕ್ಟರಮ್ಮ, ಹಣೆಯ ಬೆವರು ಒರೆಸಿಕೊಳ್ಳುತ್ತ. ಹೊರಗೆ ಯಾರದೋ ಕೂಸು ಕಿಟಾರನೆ ಕಿರುಚಿತು. ಸಾಲಿನಲ್ಲಿದ್ದವರು ಬಾಗಿಲು ಬಡಿದರು.

ಬೂದೆಮ್ಮನೂ ಅದೇ ಸೀಮೆಯವಳು. ಆ ಮಾತನ್ನು ಒತ್ತಾಯ ಮಾಡಿ ಹೊರಡಿಸಬಾರದೆಂದು ಹುಟ್ಟಾ ಬಲ್ಲವಳು. ನೋಡಿದರೆ ಕೂಸು ನಗುತ್ತಿದೆ. “ಕಕ್ಕಿತೇನವಾ?” ಎಂದು ಕೇಳಿದಳು. ಇರುವುದರಲ್ಲಿ ಮೆತ್ತಗಿನ ಮಾತು ಅದು.

“ಹೂಂ, ಅದನ ಅನ್ಕೋರಿ,” ಎಂದಳು ಯಮನಮ್ಮ, ತಕ್ಷಣ.

ಎಡಗೈ ಇಳಿಯಿತು. ಕೂಸು ನಿನ್ನೆ ಬೆಳಿಗ್ಗೆ ಕಕ್ಕಿತಂತೆ ಎಂದು ಬೂದೆಮ್ಮ ಡಾಕ್ಟರಮ್ಮನಿಗೆ ಹೇಳಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ, ತಾಯಿಯ ಬಾಯಿಂದ ಬಾರದ ಕೆಲಸದ ಮಾತನ್ನು ತನ್ನ ಬಾಯಿಂದ ಹಾಕಿದ್ದಳು. ನನಗೆ ಅವಳ ಮೇಲೆ ಎಷ್ಟೇ ಅಭಿಮಾನವಿದ್ದರೂ ಹೇಳುತ್ತೇನೆ, ಇದು ಸಣ್ಣ ತಪ್ಪಲ್ಲ. ಡಾಕ್ಟರಮ್ಮ ಹನಿ ಔಷಧಿ ಬರೆದಳು, ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಲು ಹೇಳಿದಳು. ಅತ್ತೆ ಸೊಸೆ ಚೀಟಿಯನ್ನು ಔಷಧಿ ಕಿಟಕಿಯಲ್ಲಿ ಕೊಟ್ಟು, ಹನಿ ಔಷಧಿ ತೆಗೆದುಕೊಂಡು ಹೊರಟರು.

ಮಧ್ಯಾಹ್ನ ಔಷಧಿ ಕೋಣೆಯಲ್ಲಿ ಬೂದೆಮ್ಮ, ಸರ್ವರಿ ಬೇಗಂ ಬುತ್ತಿ ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ. ಊಟದ ಹೊತ್ತಿನಲ್ಲಿ ಬೆಳಗಿನ ಒಂದು ಮಾತು ಹೆಕ್ಕಿ ಅದನ್ನು ನಾಲ್ಕು ಭಾಷೆಯಲ್ಲಿ ಮಗುಚಿ ಹಾಕುವುದು ಬೂದೆಮ್ಮನ ಚಟ. ಕೆಲವರು ಊಟವಾದ ಮೇಲೆ ಎಲೆಯಡಿಕೆ ಹಾಕುತ್ತಾರೆ, ಇವಳು ಊಟದ ನಡುವೆಯೇ ಮಾತು ಅಗಿಯುತ್ತಾಳೆ. ಆ ದಿನ ಅವಳಿಗೆ ನೆನಪಾದದ್ದು ಕುರ್ಡಿಯ ಹುಡುಗಿಯ ಮಾತು. ಅಷ್ಟೊಂದು ಸಂಗಾತಿಗಳು ಒಟ್ಟಿಗೆ ಬರುವುದು ಅಪರೂಪ.

“ನಿನ್ನಿ ನಸಿಕಿನ್ಯಾಗ, ಮಲಿ ಕುಡಿಯೋವಾಗ, ಒಮ್ಮಿಗ್ಲೇ, ಸುಮ್ಕ ಕಕ್ಕಿತು,” ಎಂದಳು. “ಇದನ್ನ ನಿಮ್ಮ ಮಾತಿನ್ಯಾಗ ಹೆಂಗ ಅಂತಿ?”

ಸರ್ವರಿ ಬೇಗಂ ರೊಟ್ಟಿ ಮುರಿಯುತ್ತ ಬೆರಳು ಮಡಚಿ ಮಡಚಿ ಜೋಡಿಸಿದಳು: “ಕಲ್ ಫಜರ್ ಕೂ, ದೂದ್ ಪೀತೆ ಪೀತೆ, ಏಕ್‌ದಮ್, ಚುಪ್‌ಚಾಪ್…” ಅಲ್ಲಿಗೆ ಬೆರಳು ನಿಂತಿತು. “ಚುಪ್‌ಚಾಪ್ ಉಲ್ಟಿ? ಅಲ್ಲ ಬೂದೆಮ್ಮ, ಸುಮ್ಕ ಯಾವ ಕೂಸು ಕಕ್ಕತದ? ಕಕ್ಕೋವಾಗ ಓಣಿಗೆಲ್ಲ ಕೇಳಂಗ ಅಳ್ತದ.”

ಬೂದೆಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ನೋಡಿದಳು. ಅಲ್ಲಿ ಕೆಲಸದ ಮಾತು ಮುಂದೆ ಬಂತು, ಹಿಂದೆ ಬರಬೇಕಾದ ಸಂಗಾತಿಗಳು ಅದರ ಜೊತೆ ಬರಲು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಸಂಗಾತಿಗಳು ಆ ಹುಡುಗಿಯವು, ಕೆಲಸದ ಮಾತು ತನ್ನದು. ಹಾಲು ಕುಡಿಯುವಾಗ, ಒಮ್ಮೆಲೇ, ಸುಮ್ಮನೆ ಕೂಸಿಗೆ ಆಗುವಂಥದ್ದು ಏನು?

ಅದು ಅವಳಿಗೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಗುಂಟೂರಿನ ಒಂದು ದವಾಖಾನೆಯಲ್ಲಿ, ಎರಡು ತಿಂಗಳ ಗಂಡುಕೂಸನ್ನು ಮಡಿಲಲ್ಲಿಟ್ಟುಕೊಂಡು, ಇದೇ ಬೂದೆಮ್ಮ ತನಗೆ ಬಂದಷ್ಟು ತೆಲುಗಿನಲ್ಲಿ ‘ಪೊದ್ದುನ್ನ, ಮೆಲ್ಲಗಾ, ಉನ್ನಟ್ಟುಂಡಿ’ ಎಂದು ಬೆಳಿಗ್ಗೆಯನ್ನೂ ಮೆಲ್ಲಗೆಯನ್ನೂ ಇದ್ದಕ್ಕಿದ್ದಂತೆಯನ್ನೂ ಹೇಳಿ, ಕಡೆಯ ಮಾತು ಬಿಟ್ಟಿದ್ದಳು. ಭಾಷೆ ಬಾರದ್ದಕ್ಕೆ ಬಿಟ್ಟಿದ್ದಲ್ಲ, ಕೂಸು ಕೇಳಿಸಿಕೊಂಡೀತೆಂದು ಬಿಟ್ಟಿದ್ದು. ಅಲ್ಲಿಯ ಡಾಕ್ಟರು ಟಾನಿಕ್ಕು ಬರೆದು ಕಳಿಸಿದ್ದ.

ಅವಳು ಎಂಜಲಗೈಯಲ್ಲೇ ಎದ್ದಳು. “ಆ ಕುರ್ಡಿಯವರ ಚೀಟಿ ತೆಗಿ. ಫೋನ್ ಹಚ್ಚು.”

ಸರ್ವರಿ ಬೇಗಂ ಚೀಟಿಯ ನಂಬರಿಗೆ ಮೂರು ಸಲ ಹಚ್ಚಿದಳು. ಮೂರು ಸಲವೂ ಸ್ವಿಚ್ ಆಫ್. ಬೂದೆಮ್ಮ ಅಷ್ಟರಲ್ಲಿ ಆಟೋ ಹತ್ತಿಯಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಎಡಗಡೆಯ ನಾಲ್ಕನೇ ಸೀಟಿನಲ್ಲಿ ಅತ್ತೆ ಸೊಸೆ ಕೂತಿದ್ದರು, ಕೂಸು ನಿದ್ದೆಯಲ್ಲಿತ್ತು. ಬೂದೆಮ್ಮ ಹತ್ತಿ, ಇಬ್ಬರು ಮೂವರ ಕಾಲು ತುಳಿದು, ಅವರ ಮುಂದೆ ಹೋಗಿ ನಿಂತಳು.

“ಇಳೀರಿ. ಕೂಸಿನ್ನ ಇನ್ನೊಮ್ಮಿ ತೋರಿಸಬೇಕು.”

“ಹನಿ ಔಷಧ ಕೊಟ್ಟಾರಲ್ಲ,” ಎಂದಳು ಯಮನಮ್ಮ. “ನಾಳಿ ನಾಟಿ ಅದ. ಇದು ತಪ್ಪಿದ್ರ ಊರು ಮುಟ್ಟೂದ್ರಾಗ ಕತ್ತಲಾಗ್ತದ. ಬಿಡವಾ.”

“ನೀ ಹೇಳು,” ಎಂದು ಬೂದೆಮ್ಮ ಸೌಭಾಗ್ಯಳ ಕಡೆ ತಿರುಗಿದಳು. “ನಿನ್ನಿ ಏನಾಗಿತ್ತು? ಕಕ್ಕಿತು ಅಂದಿದ್ದು ನಾನು. ನೀ ಅಂದಿಲ್ಲ.”

ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಕಿಟಕಿಯ ಹೊರಗೆ ನೋಡಿದಳು. ಕಂಡಕ್ಟರು ಸೀಟಿ ಊದಿ, ಇಳಿಯುವವರು ಇಳೀರಿ ಎಂದು ಕೂಗಿದ. ಈ ಹುಡುಗಿ ಹೇಳುವುದಿಲ್ಲವೆಂದು ಬೂದೆಮ್ಮನಿಗೆ ಆಗ ಖಾತ್ರಿಯಾಯಿತು, ತಾನೂ ಹೇಳಿರಲಿಲ್ಲವಲ್ಲ. ಯಾರಾದರೂ ಒಬ್ಬರು ಆ ಮಾತನ್ನು ಬಾಯಿಬಿಟ್ಟು ಆಡದೆ ಗತಿಯಿರಲಿಲ್ಲ. ಜೀವವಿರುವ ಕೂಸಿನ ಮುಂದೆ ಆ ಮಾತು ಆಡುವುದೆಂದರೆ ಅವಳ ಪಾಲಿಗೆ ಕೂಸಿನ ಕೈಗೆ ಕೆಂಡ ಕೊಟ್ಟ ಹಾಗೆ.

ಕಡೆಗೆ ಅವಳು ಬಗ್ಗಿ, ತನ್ನ ಎರಡೂ ಅಂಗೈಯಿಂದ ಕೂಸಿನ ಎರಡೂ ಕಿವಿ ಮುಚ್ಚಿದಳು. ಗಾಳಿ ನುಗ್ಗದ ಹಾಗೆ ಮುಚ್ಚಿ, ಸಣ್ಣ ದನಿಯಲ್ಲಿ ಕೇಳಿದಳು.

“ನಿನ್ನಿ ನಸಿಕಿನ್ಯಾಗ, ಮಲಿ ಕುಡಿಯೋವಾಗ, ಒಮ್ಮಿಗ್ಲೇ, ಸುಮ್ಕ, ಉಸುರು ನಿಂತಿತ್ತೇನವಾ?”

ಸೌಭಾಗ್ಯ ಬೂದೆಮ್ಮನ ಕೈಗಳನ್ನೇ ನೋಡಿದಳು. ಕೂಸಿಗೆ ಕೇಳಿಸುವುದಿಲ್ಲವೆಂದು ನಂಬಿಕೆ ಬಂದ ಮೇಲೆ ಅವಳ ಕಣ್ಣು ತುಂಬಿತು. “ನಿಂತಿತ್ತು ಯವ್ವಾ,” ಎಂದಳು. “ನಿಂತಿತ್ತು, ನಿನ್ನಿ ಒಮ್ಮಿ, ಮೊನ್ನಿ ಎರಡು ಸಲ. ತುಟಿ ನೀಲಿ ಆಗಿದ್ವು. ನಾ ಎತ್ತಿ ಕುಲುಕಿದ ಮ್ಯಾಲ ಬಂತು.”

ಯಮನಮ್ಮ ಚೀಲ ಎತ್ತಿಕೊಂಡು ಎದ್ದು ನಿಂತಳು. ಆಟೋದಲ್ಲಿ ಹೋಗುವಾಗ, ಅಂಥ ಗಾಬರಿಯಲ್ಲೂ, ಬೂದೆಮ್ಮನಿಗೆ ಒಂದು ಹೊಳೆಯಿತು. ಹುಡುಗಿ ಕೆಲಸದ ಮಾತನ್ನು ಮೊದಲು ಹೇಳಿ, ಯಾವಾಗ ಎಷ್ಟು ಸಲ ಎಂಬುದನ್ನು ಆಮೇಲೆ ಹೇಳಿದ್ದಳು, ಥೇಟ್ ಇಂಗ್ಲಿಷಿನವರ ಹಾಗೆ. ತಡೆಹಿಡಿದ ಮಾತು ಸರದಿ ಕಾಯುವುದಿಲ್ಲ. ಈ ಹೆಂಗಸಿನ ತಲೆ ಎಂಥ ಹೊತ್ತಿನಲ್ಲಿ ಎಲ್ಲಿರುತ್ತದೆ ನೋಡಿ.

ಡಾಕ್ಟರಮ್ಮನ ಮುಂದೆ ನಿಂತು, ಬೆಳಿಗ್ಗೆ ಹೇಳಿದ ‘ಕಕ್ಕಿತು’ ತಾಯಿಯ ಮಾತಲ್ಲ, ನನ್ನದು ಎಂದು ಬೂದೆಮ್ಮ ಮೊದಲು ಒಪ್ಪಿಕೊಂಡಳು. ಆಮೇಲೆ ಸೌಭಾಗ್ಯ ಹೇಳಿದ್ದನ್ನು ಇದ್ದಂತೆ ಹೇಳಿದಳು. ಡಾಕ್ಟರಮ್ಮ ಬೈಯುವ ಮೊದಲು ಕೂಸನ್ನು ಒಳಗೆ ಮಲಗಿಸಿ, ಕಾಲ ಹೆಬ್ಬೆರಳಿಗೆ ಆಕ್ಸಿಜನ್ ನೋಡುವ ಮಷಿನ್ನಿನ ಕ್ಲಿಪ್ಪು ಹಾಕಿಸಿದಳು. ನಾಲ್ಕು ಗಂಟೆಗೆ ತಾಯಿ ಎದೆಗೆ ಹಚ್ಚಿಕೊಂಡಾಗ, ಎಲ್ಲರ ಕಣ್ಣೆದುರಿಗೆ, ಅದು ಆಯಿತು. ಕೂಸು ಅಳಲಿಲ್ಲ, ಒದೆಯಲಿಲ್ಲ. ಮಷಿನ್ನು ಕೂಗಿಕೊಂಡಿತು. ಡಾಕ್ಟರಮ್ಮ ಎದುರಿಗಿದ್ದಾಗಲೇ ಆದದ್ದು ಕೂಸಿನ ಪುಣ್ಯ. ಒಂದು ನಿಮಿಷದೊಳಗೆ ಉಸಿರು ಮರಳಿತು. ಅದೊಂದು ಬಗೆಯ ಫಿಟ್ಸು, ಕೈಕಾಲು ಸೆಳೆಯದೆ ಉಸಿರನ್ನು ಮಾತ್ರ ಹಿಡಿಯುವಂಥದ್ದು, ಔಷಧಿಗೆ ಬಗ್ಗುತ್ತದೆ ಎಂದು ಡಾಕ್ಟರಮ್ಮ ಹೇಳಿದಳು. ಆ ಹೊತ್ತಿಗೆ ಮಾನ್ವಿ ಬಸ್ಸು ದಾರಿಯ ಕಲ್ಲೂರನ್ನೂ ದಾಟಿ ಹೋಗಿರುತ್ತಿತ್ತು.

ಬೈಗುಳ ಮರುದಿನ ಬಂತು, ಬಾಗಿಲು ಹಾಕಿಕೊಂಡು, ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ. ಬೂದೆಮ್ಮ ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಎರಡೂ ಭಾಷೆಯಲ್ಲಿ ‘ಮತ್ತೆಂದೂ’ ಎನ್ನುವ ಮಾತು ಎಲ್ಲಿ ಕೂತಿತ್ತು ಎಂದು ಗಮನಿಸಿದಳೋ ಇಲ್ಲವೋ, ನನಗೆ ಹೇಳಲಿಲ್ಲ. ಅಂದಿನಿಂದ, ಕಡೆಯ ಮಾತು ಬಾರದೆ ತಾಯಿ ನಿಂತುಬಿಟ್ಟರೆ, ಅವಳು ಎದ್ದು ಹೋಗಿ ಕೂಸಿನ ಕಿವಿ ಮುಚ್ಚಿ ಕೇಳುತ್ತಾಳೆ. ಈಗ ಡಾಕ್ಟರಮ್ಮನೂ ಕಲಿತಿದ್ದಾಳೆ. ಭಾಷೆ ತಿಳಿಯದಿದ್ದರೂ, ಬೂದೆಮ್ಮನ ಎಡಗೈ ಬಹಳ ಹೊತ್ತು ಮೇಲೆಯೇ ಉಳಿದರೆ, ತಾನೇ ಬಗ್ಗಿ ಕೂಸಿನ ಕಿವಿಗೆ ಕೈಯಿಡುತ್ತಾಳೆ.

ಒಂಬತ್ತನೆಯ ದಿನ ಕುರ್ಡಿಯವರು ಊರಿಗೆ ಹೊರಟರು. ಸೌಭಾಗ್ಯ ಔಷಧಿ ಕಿಟಕಿಯ ಮುಂದೆ ನಿಂತು, ಯಾವುದನ್ನು ಎಷ್ಟು ಹೊತ್ತಿಗೆ ಕೊಡಬೇಕೆಂದು ಸರ್ವರಿ ಬೇಗಂ ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಯಮನಮ್ಮ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಬೂದೆಮ್ಮ ಪಕ್ಕದಲ್ಲಿ ಕೂತಳು.

“ನಿನಗೆಷ್ಟು ಮಕ್ಕಳವಾ?” ಎಂದು ಕೇಳಿದಳು ಯಮನಮ್ಮ.

“ಎರಡು ಹೆಣ್ಣದಾವ, ಮದುವಿ ಆಗ್ಯಾವ. ಅವಕ್ಕಿಂತ ಮೊದಲ ಗುಂಟೂರಾಗ ಒಂದು ಗಂಡುಕೂಸು…”

ಎಂದಿನಂತೆ ಅಲ್ಲಿಗೆ ನಿಂತಿತು. ಯಮನಮ್ಮ ತಲೆಯಾಡಿಸಲಿಲ್ಲ, ಬೇರೆ ಮಾತು ತೆಗೆಯಲೂ ಇಲ್ಲ. ಮೊಮ್ಮಗಳನ್ನು ಎದೆಗೆ ಎಳೆದುಕೊಂಡು, ನಾಟಿ ಮಾಡಿ ಮಾಡಿ ಬಿರುಕುಬಿಟ್ಟ ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿದಳು.

“ಹೇಳವಾ,” ಎಂದಳು. “ಇದು ಕೇಳಂಗಿಲ್ಲ.”

ಬೂದೆಮ್ಮ ಆ ಕೈಗಳನ್ನು ನೋಡಿದಳು.

“ಮುಂಜಾನಿ,” ಎಂದಳು, “ನನ್ನ ತೊಡಿಮ್ಯಾಲ, ಸುಮ್ಕ, ಸತ್ತುಹೋತು.”

ಯಮನಮ್ಮ ಇನ್ನೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.